ತೆರಿಗೆ ಕಟ್ಟುವವರು ಯಾರು? ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನಿನ್ನ ಪತ್ರ ಓದಿದೆ. ಮೊದಲ ಸಂಬಳದ ಚೀಟಿಯಲ್ಲಿ ಆದಾಯ ತೆರಿಗೆ ಎಂದು ಮುರಿದುಕೊಂಡ ಮೊತ್ತ ನೋಡಿ ನಿನ್ನ ಹೊಟ್ಟೆ ಉರಿದದ್ದು ಸಹಜ. ಆದರೆ ಅದರ ಬೆನ್ನಿಗೇ ನೀನು ಬರೆದ ಎರಡು ಮಾತು ಓದಿದಾಗಿನಿಂದ ನನ್ನ ತಲೆಯಲ್ಲಿ ಕೂತಿವೆ. ತೆರಿಗೆ ಕಟ್ಟುವವರು ನಿಮ್ಮಂಥ ಕೆಲವರು ಮಾತ್ರ, ಉಳಿದವರೆಲ್ಲ ಪುಕ್ಕಟೆ ಎಂಬುದು ಒಂದು. ಆದಾಯ ತೆರಿಗೆಯನ್ನೇ ತೆಗೆದುಹಾಕಿ ಖರ್ಚಿನ ಮೇಲೆ ಎಲ್ಲರಿಗೂ ಒಂದೇ ದರದ ತೆರಿಗೆ ಹಾಕುವುದೇ ನ್ಯಾಯ ಎಂಬುದು ಇನ್ನೊಂದು. ಎರಡನೆಯದರಲ್ಲಿ ತೂಕವಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲನೆಯದು ಶುದ್ಧ ತಪ್ಪು. ಅದನ್ನು ನಿನ್ನ ಬಾಯಿಂದ ಕೇಳುವುದಕ್ಕೆ ನನಗೆ ಕಷ್ಟವಾಯಿತು.

ಒಂದು ಸೋಪು ಕೊಂಡವರೂ ತೆರಿಗೆ ಕಟ್ಟಿದವರೇ. ಮೌಲ್ಯವರ್ಧಿತ ತೆರಿಗೆಯನ್ನು ರೂಪಿಸಿದವರು ಫ್ರಾನ್ಸಿನ ತೆರಿಗೆ ಅಧಿಕಾರಿ ಮೊರಿಸ್ ಲೊರೆ. ಅಲ್ಲಿ ಅದು 1954ರಲ್ಲಿ ಜಾರಿಗೆ ಬಂತು. ಇವತ್ತು ವ್ಯಾಟ್ ಎಂದೋ ಜಿಎಸ್‌ಟಿ ಎಂದೋ 170ಕ್ಕೂ ಹೆಚ್ಚು ದೇಶಗಳಲ್ಲಿದೆ. ಅದು ನಡೆಯುವ ಬಗೆ ನೋಡು. ತಯಾರಕ ತೆರಿಗೆ ಸೇರಿಸಿ ಸಗಟು ವ್ಯಾಪಾರಿಗೆ ಮಾರುತ್ತಾನೆ, ಅವನು ಚಿಲ್ಲರೆ ವ್ಯಾಪಾರಿಗೆ. ಪ್ರತಿಯೊಬ್ಬನೂ ತಾನು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತನ್ನ ಲೆಕ್ಕದಲ್ಲಿ ಕಳೆದುಕೊಂಡು ಮಿಕ್ಕಿದ್ದನ್ನು ಸರ್ಕಾರಕ್ಕೆ ಕಟ್ಟುತ್ತಾನೆ. ಹಾಗೆ ಕಳೆದುಕೊಳ್ಳಲು ದಾರಿಯಿಲ್ಲದವರು ಒಬ್ಬರೇ: ಆ ಸೋಪನ್ನು ಮನೆಗೆ ಒಯ್ದು ಬಳಸುವವರು. ಅವರಿಗೆ ಸಂಬಳದ ಚೀಟಿ ಇರಲಿಕ್ಕಿಲ್ಲ, ಅವರ ಹೆಸರು ಯಾವ ತೆರಿಗೆ ಕಚೇರಿಯಲ್ಲೂ ಇರಲಿಕ್ಕಿಲ್ಲ. ಬೆಲೆಯೊಳಗೆ ಅಡಗಿ ಹೋಗುವ ತೆರಿಗೆಯನ್ನು ಅವರು ಬದುಕಿಡೀ ಕಟ್ಟುತ್ತಾರೆ. ಆದರೂ ‘ತೆರಿಗೆದಾರರು’ ಎಂದು ಮಾತು ಬಂದಾಗ ಅವರು ಲೆಕ್ಕಕ್ಕೇ ಬರುವುದಿಲ್ಲ. ಇದು ನನಗೆ ಸಿಟ್ಟು ತರಿಸುವ ವಿಷಯ.

ಈಗ ಒಂದೇ ದರದ ಮಾತಿಗೆ ಬರೋಣ. ಕಾಗದ ತೆಗೆದುಕೊಂಡು ನೀನೇ ಲೆಕ್ಕ ಹಾಕು. ಒಬ್ಬಳ ಗಳಿಕೆ ನೂರು, ನೂರೂ ಖರ್ಚಾಗುತ್ತದೆ. ಇನ್ನೊಬ್ಬಳ ಗಳಿಕೆ ಸಾವಿರ, ಧಾರಾಳವಾಗಿ ಬದುಕಿದರೂ ನಾನೂರು ಖರ್ಚು, ಆರುನೂರು ಉಳಿಕೆ. ಖರ್ಚಿನ ಹತ್ತರಲ್ಲಿ ಒಂದು ಪಾಲು ತೆರಿಗೆ ಎಂದಿಟ್ಟುಕೋ. ಮೊದಲನೆಯವಳು ಹತ್ತು ಕೊಟ್ಟಳು, ಎರಡನೆಯವಳು ನಲವತ್ತು. ಇಷ್ಟಕ್ಕೇ ಲೆಕ್ಕ ನಿಲ್ಲಿಸಿದರೆ ಶ್ರೀಮಂತಳೇ ನಾಲ್ಕು ಪಟ್ಟು ಕೊಟ್ಟಂತೆ ಕಾಣುತ್ತದೆ. ಗಳಿಕೆಗೆ ಹೋಲಿಸಿ ನೋಡು: ಬಡವಳ ಕೈಯಿಂದ ಹೋದದ್ದು ನೂರಕ್ಕೆ ಹತ್ತು, ಶ್ರೀಮಂತಳ ಕೈಯಿಂದ ನೂರಕ್ಕೆ ನಾಲ್ಕು. ದರ ಒಂದೇ, ಭಾರ ಬೇರೆ. ಆ ಹತ್ತನ್ನು ಕೊಡಲು ಮೊದಲನೆಯವಳು ಯಾವುದೋ ಅಗತ್ಯವನ್ನು ಕೈಬಿಡಬೇಕು. ಎರಡನೆಯವಳಿಗೆ ಉಳಿತಾಯದಲ್ಲಿ ಚೂರು ಕಡಿಮೆಯಾಗಬಹುದು, ಅಷ್ಟೇ.

ಇದರ ಕ್ರೂರ ರೂಪ ಉಪ್ಪಿನ ತೆರಿಗೆ. ಹತ್ತು ಪಟ್ಟು ಗಳಿಸುವವರು ಹತ್ತು ಪಟ್ಟು ಉಪ್ಪು ತಿನ್ನುವುದಿಲ್ಲ. ಬಿಸಿಲಲ್ಲಿ ಬೆವರು ಸುರಿಸುವವರಿಗೇ ಅದು ಹೆಚ್ಚು ಬೇಕು. ಫ್ರಾನ್ಸಿನಲ್ಲಿ ಗಬೆಲ್ ಎಂಬ ಉಪ್ಪಿನ ತೆರಿಗೆಯನ್ನು ಜನ ಎಷ್ಟು ದ್ವೇಷಿಸುತ್ತಿದ್ದರೆಂದರೆ, ಕ್ರಾಂತಿಯ ಸರ್ಕಾರ 1790ರಲ್ಲಿ ಅದನ್ನು ಕಿತ್ತುಹಾಕಿತು. 1930ರಲ್ಲಿ ಗಾಂಧೀಜಿ ದಂಡಿಗೆ ನಡೆಯುವ ಮೊದಲು ವೈಸರಾಯ್ ಇರ್ವಿನ್‌ಗೆ ಬರೆದ ಪತ್ರದಲ್ಲಿ, ಬಡವರ ಕಣ್ಣಿನಿಂದ ನೋಡಿದರೆ ಎಲ್ಲ ತೆರಿಗೆಗಳಿಗಿಂತ ಅನ್ಯಾಯದ್ದು ಇದೇ ಎಂಬರ್ಥದ ಮಾತು ಬರೆದಿದ್ದರು. ಗಾಂಧೀಜಿ ವಿರೋಧಿಸಿದ ಆ ಉಪ್ಪಿನ ತೆರಿಗೆಯ ದರವೂ ಬಡವರಿಗೂ ಶ್ರೀಮಂತರಿಗೂ ಒಂದೇ ಆಗಿತ್ತು, ನೆನಪಿಟ್ಟುಕೋ.

ನಿನ್ನ ವಾದದ ಬೆನ್ನಿಗೆ ದೊಡ್ಡವರಿದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಇಂಗ್ಲೆಂಡಿನ ತತ್ವಜ್ಞಾನಿ ಥಾಮಸ್ ಹಾಬ್ಸ್ 1651ರಲ್ಲೇ ಕೇಳಿದ್ದ: ಮೈಮುರಿದು ದುಡಿದು ಉಳಿಸುವವನ ಮೇಲೆ ಯಾಕೆ ಹೆಚ್ಚು ತೆರಿಗೆ, ಬಂದದ್ದೆಲ್ಲ ಉಂಡು ಕೂರುವ ಸೋಮಾರಿಯ ಮೇಲೆ ಯಾಕೆ ಕಡಿಮೆ? ಸಮಾಜದಿಂದ ಎಷ್ಟು ತೆಗೆದುಕೊಳ್ಳುತ್ತೇವೋ ಅಷ್ಟಕ್ಕೆ ತೆರಿಗೆ ಎಂಬುದು ಅವನ ತರ್ಕ. ಅಲ್ಲಿಯದೇ ತತ್ವಜ್ಞಾನಿ, ಅರ್ಥಶಾಸ್ತ್ರಜ್ಞ ಜಾನ್ ಸ್ಟುವರ್ಟ್ ಮಿಲ್ 1848ರಲ್ಲಿ ಇನ್ನೂ ಮುಂದೆ ಹೋದ. ಗಳಿಸಿದಾಗ ಒಮ್ಮೆ, ಉಳಿಸಿದ್ದಕ್ಕೆ ಬಡ್ಡಿ ಬಂದಾಗ ಇನ್ನೊಮ್ಮೆ ತೆರಿಗೆ ಹಾಕಿದರೆ ಉಳಿಸುವವನಿಗೆ ಎರಡು ಪೆಟ್ಟು ಎಂದ. ಬದುಕಿಗೆ ಬೇಕಾದಷ್ಟು ಆದಾಯವನ್ನು ಬಿಟ್ಟು, ಅದರ ಮೇಲೆ ಏರುತ್ತ ಹೋಗುವ ದರಗಳು ಬೇಡ ಎಂದ. ಒಂದೇ ಸಂಬಳದ ಇಬ್ಬರಲ್ಲಿ ಒಬ್ಬರು ಇವತ್ತು ಖರ್ಚು ಮಾಡಿ, ಇನ್ನೊಬ್ಬರು ಮುಪ್ಪಿಗೆಂದು ಎತ್ತಿಟ್ಟರೆ, ಎತ್ತಿಟ್ಟವರಿಗೆ ಹೆಚ್ಚು ತೆರಿಗೆ ಬೀಳುವುದು ನನಗೂ ಸರಿ ಕಾಣುವುದಿಲ್ಲ. ಒಂದು ವರ್ಷದ ಬದಲು ಇಡೀ ಬದುಕಿನ ಲೆಕ್ಕ ಹಾಕಿದರೆ ಖರ್ಚಿನ ತೆರಿಗೆಯ ಅನ್ಯಾಯ ಸ್ವಲ್ಪ ತಗ್ಗಿ ಕಾಣುತ್ತದೆ ಎಂಬುದೂ ನಿಜ. ಇವತ್ತಿನ ಉಳಿತಾಯ ನಾಳೆಯ ಖರ್ಚು.

ಆದರೆ ಆ ನಾಳೆ ಎಲ್ಲರಿಗೂ ಬರುವುದಿಲ್ಲ. ತೀರಾ ದೊಡ್ಡ ಸಂಪತ್ತು ಖರ್ಚಾಗುವುದೇ ಇಲ್ಲ. ಅದು ಬೆಳೆಯುತ್ತದೆ, ಮಕ್ಕಳಿಗೆ ಹೋಗುತ್ತದೆ, ಮೊಮ್ಮಕ್ಕಳಿಗೆ ಹೋಗುತ್ತದೆ. ಖರ್ಚಿನ ತೆರಿಗೆ ಅದರ ಹತ್ತಿರವೂ ಸುಳಿಯುವುದಿಲ್ಲ. ಮಿಲ್‌ಗೆ ಇದು ಗೊತ್ತಿತ್ತು, ಅದಕ್ಕೇ ಆತ ಪಿತ್ರಾರ್ಜಿತ ಆಸ್ತಿಯ ಮೇಲೆ ಭಾರಿ ತೆರಿಗೆ ಬೇಕೆಂದ. ಅವನ ಮೊದಲ ಮಾತನ್ನು ಎತ್ತಿ ಹೇಳುವವರು ಈ ಎರಡನೆಯದನ್ನು ಬಿಟ್ಟುಬಿಡುತ್ತಾರೆ.

ಸ್ಲ್ಯಾಬ್‌ಗಳ, ಅಂದರೆ ಆದಾಯ ಏರಿದಂತೆ ತೆರಿಗೆ ದರ ಏರುವ ಹಂತಗಳ ಬಗ್ಗೆಯೂ ಒಂದು ಮಾತು. ಮೇಲಿನ ಸ್ಲ್ಯಾಬ್‌ಗೆ ಹೋದರೆ ಇಡೀ ಸಂಬಳಕ್ಕೆ ಹೆಚ್ಚಿನ ದರ ಬೀಳುತ್ತದೆಂದು ನೀನು ಹೆದರಿದಂತಿದೆ. ಹಾಗಿಲ್ಲ. ಗಡಿ ದಾಟಿದ ಮೊತ್ತಕ್ಕಷ್ಟೇ ಆ ದರ. ಕೆಳಗಿನ ಮೊತ್ತಕ್ಕೆ ನೀನೂ, ನಿನಗಿಂತ ಕಡಿಮೆ ಗಳಿಸುವವರೂ, ನಿನ್ನ ಕಂಪನಿಯ ಯಜಮಾನರೂ ಒಂದೇ ದರ ಕೊಡುತ್ತೀರಿ. ನೀನು ಬಯಸುವ ಸಮಾನತೆ ಇಲ್ಲಿಯೂ ಇದೆ.

ಹಾಗಾದರೆ ಅಗತ್ಯ ವಸ್ತುಗಳಿಗೆ ತೆರಿಗೆ ಬಿಟ್ಟರಾಯಿತಲ್ಲ ಎಂದು ನೀನು ಕೇಳುತ್ತೀಯ, ನನಗೆ ಗೊತ್ತು. ಅಗತ್ಯ ಯಾವುದು? ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1776ರಲ್ಲಿ ಇದಕ್ಕೆ ಒಳ್ಳೆಯ ಉತ್ತರ ಕೊಟ್ಟ. ಜೀವ ಉಳಿಯಲು ನಾರಿನ ಬಟ್ಟೆಯ ಅಂಗಿ ಬೇಕಿಲ್ಲ, ಆದರೆ ತನ್ನ ಕಾಲದ ಕೂಲಿಯವನು ಅದಿಲ್ಲದೆ ನಾಲ್ಕು ಜನರ ಮುಂದೆ ಬರಲು ನಾಚುತ್ತಾನೆ, ಆದ್ದರಿಂದ ಅದೂ ಅಗತ್ಯವೇ ಎಂದ. ಈ ಮಾತು ನನಗೆ ತುಂಬ ಇಷ್ಟ. ಮನುಷ್ಯನ ಮಾನವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಅರ್ಥಶಾಸ್ತ್ರ ಅದು. ಆದರೆ ಕಾನೂನಿನಲ್ಲಿ ಗೆರೆ ಎಳೆಯಲು ಕೂತರೆ ಪಾಡು ಬೇರೆ. ಜಪಾನ್ 2019ರಲ್ಲಿ ಬಳಕೆ ತೆರಿಗೆಯನ್ನು ಶೇ. 10ಕ್ಕೆ ಏರಿಸಿ, ಆಹಾರಕ್ಕೆ ಶೇ. 8 ಉಳಿಸಿತು. ಹೋಟೆಲಿನಲ್ಲಿ ಕೂತು ತಿಂದರೆ ಮಾತ್ರ 10. ಅದೇ ತಿಂಡಿ, ಅದೇ ಅಡುಗೆಮನೆ. ಕಟ್ಟಿಸಿಕೊಂಡು ಹೊರಟರೆ 8, ಕುರ್ಚಿ ಎಳೆದುಕೊಂಡರೆ 10. ಇನ್ನೊಂದು ತೊಡಕೂ ಇದೆ. ವಿನಾಯಿತಿ ಬಡವರಿಗೆಂದು ಕೊಟ್ಟರೂ, ಹೆಚ್ಚು ಮತ್ತು ದುಬಾರಿಯದನ್ನು ಕೊಳ್ಳುವ ಶ್ರೀಮಂತರಿಗೇ ಅದರಿಂದ ಹೆಚ್ಚು ಹಣ ಉಳಿಯುತ್ತದೆ.

ಕೆನಡಾ 1991ರಲ್ಲಿ ಜಿಎಸ್‌ಟಿ ತಂದಾಗ ಹಿಡಿದ ದಾರಿ ನನಗೆ ಹೆಚ್ಚು ಒಪ್ಪಿಗೆ. ಕಡಿಮೆ ಆದಾಯದ ಮನೆಗಳಿಗೆ ಆ ತೆರಿಗೆಯ ಹೊರೆ ತಗ್ಗಿಸಲೆಂದು ನೇರವಾಗಿ ಹಣ ಕೊಡುವ ಏರ್ಪಾಡನ್ನು ಜೊತೆಯಲ್ಲೇ ಮಾಡಿತು. ಡೆನ್ಮಾರ್ಕಿನಲ್ಲಿ ವ್ಯಾಟ್ ಶೇ. 25, ಆಹಾರಕ್ಕೂ ಅಷ್ಟೇ. ಆದರೂ ಅಲ್ಲಿ ಬಡವರು ಬೀದಿಗೆ ಬೀಳುವುದಿಲ್ಲ. ಆ ಹಣ ಆಸ್ಪತ್ರೆಯಾಗಿ, ಶಾಲೆಯಾಗಿ, ನಿರುದ್ಯೋಗ ಭತ್ಯೆಯಾಗಿ ಮರಳುತ್ತದೆ, ಮೇಲಾಗಿ ಅಲ್ಲಿ ಆದಾಯ ತೆರಿಗೆಯೂ ಭಾರಿಯೇ. ಹಾಗಾಗಿ ಖರ್ಚಿನ ತೆರಿಗೆ ಇರಲೇಬಾರದು ಎನ್ನುವವಳಲ್ಲ ನಾನು. ಆದಾಯ ಮುಚ್ಚಿಟ್ಟವರೂ ಕೊಳ್ಳುವಾಗ ಸಿಕ್ಕಿಬೀಳುತ್ತಾರೆ ಎಂಬ ನಿನ್ನ ಮಾತು ಬಹುಮಟ್ಟಿಗೆ ಸರಿ. ಆದಾಯ ತೆರಿಗೆಯಲ್ಲಿ ತೂತುಗಳಿವೆ: ಸಂಬಳದವಳಾದ ನಿನಗೆ ಕೈಗೆ ಬರುವ ಮೊದಲೇ ಕಡಿತ, ಷೇರುಗಳ ಮೌಲ್ಯ ಏರಿ ಕೋಟ್ಯಧಿಪತಿಯಾದವನಿಗೆ ಮಾರುವ ತನಕ ‘ಆದಾಯ’ವೇ ಇಲ್ಲ. ಅವನು ಆ ಷೇರನ್ನು ಅಡವಿಟ್ಟು ಸಾಲ ತಂದು ಬದುಕಬಲ್ಲ. ನಿನ್ನ ಸಿಟ್ಟು ಅತ್ತ ತಿರುಗಲಿ. ಆ ತೂತುಗಳನ್ನು ಮುಚ್ಚಿ ಎಂದು ಕೇಳು. ಭಾರವನ್ನು ಸೋಪು ಕೊಳ್ಳುವವರ ಹೆಗಲಿಗೆ ದಾಟಿಸಿ ಎಂದು ಕೇಳಬೇಡ.

ಆದಾಯ ತೆರಿಗೆ, ಖರ್ಚಿನ ತೆರಿಗೆ ಎರಡರ ಒಳ್ಳೆಯದನ್ನೂ ಸೇರಿಸಲು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡೋರ್ 1955ರಲ್ಲಿ ಒಂದು ಯೋಜನೆ ಕೊಟ್ಟ. ವರ್ಷದ ಆದಾಯದಲ್ಲಿ ಉಳಿಸಿದ್ದನ್ನು ಕಳೆದು, ಖರ್ಚು ಮಾಡಿದ ಮೊತ್ತದ ಮೇಲೆ ಏರುವ ದರದಲ್ಲಿ ತೆರಿಗೆ. ಅವನ ಸಲಹೆಯಂತೆ ಭಾರತ 1957ರಲ್ಲಿ ಕಾನೂನು ಮಾಡಿ, 1962ರಲ್ಲಿ ಕೈಬಿಟ್ಟು, 1964ರಲ್ಲಿ ಮತ್ತೆ ತಂದು, 1966ರಲ್ಲಿ ತೆಗೆದುಹಾಕಿತು. ಬಂದ ಹಣ ಕಡಿಮೆ, ರಗಳೆ ಜಾಸ್ತಿ. ಇಷ್ಟಾದರೂ ಆ ಯೋಜನೆಯ ಬಗ್ಗೆ ನನಗೆ ಗೌರವವಿದೆ.

ಆದಾಯ ತೆರಿಗೆ ನೋಯಿಸುತ್ತದೆ, ಯಾಕೆಂದರೆ ಕಾಣುತ್ತದೆ. ಬ್ರಿಟನ್ನಿನಲ್ಲಿ ಪ್ರಧಾನಿ ವಿಲಿಯಂ ಪಿಟ್ 1799ರಲ್ಲಿ ಯುದ್ಧದ ಖರ್ಚಿಗೆಂದು ಅದನ್ನು ತಂದಾಗ ವರ್ಷಕ್ಕೆ 60 ಪೌಂಡಿಗಿಂತ ಕಡಿಮೆ ಗಳಿಸುವವರನ್ನು ಬಿಟ್ಟಿದ್ದ, ಅಲ್ಲಿಂದ 200ರವರೆಗೆ ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. 1816ರಲ್ಲಿ ಅಲ್ಲಿ ಆದಾಯ ತೆರಿಗೆ ರದ್ದಾದಾಗ ಅದರ ದಾಖಲೆಗಳನ್ನೂ ನಾಶ ಮಾಡಬೇಕೆಂದು ಪಾರ್ಲಿಮೆಂಟ್ ಆದೇಶಿಸಿತು. ಉಳ್ಳವರ ಸಿಟ್ಟಿಗೆ ಅಷ್ಟು ಬಲವಿತ್ತು. ಬೆಲೆಯಲ್ಲಿ ಅಡಗಿದ ತೆರಿಗೆಗೆ ಅಂಥ ಗದ್ದಲ ಅಪರೂಪ. ನಿನ್ನ ಚೀಟಿಯಲ್ಲಿ ಕಡಿತ ಕಂಡ ದಿನವೇ ನೀನು ನನಗೆ ಉದ್ದ ಪತ್ರ ಬರೆದೆ. ಸೋಪು ಕೊಂಡವರು ಯಾರಿಗೆ ಬರೆಯಬೇಕು?

ಮುಪ್ಪಿಗೆಂದು ಇಟ್ಟ ಉಳಿತಾಯದ ಬಡ್ಡಿಗೆ ತೆರಿಗೆ ಇರಬೇಕೇ, ಇದ್ದರೆ ಯಾವ ಮೊತ್ತದಿಂದ ಆಚೆ ಎಂಬಲ್ಲಿ ನಮ್ಮಿಬ್ಬರಿಗೂ ಹೊಂದಿಕೆಯಾಗುವುದು ಕಷ್ಟ ಅನ್ನಿಸುತ್ತದೆ. ನನ್ನ ಪ್ರಕಾರ ಸಾಧಾರಣ ಉಳಿತಾಯವನ್ನು ಬಿಟ್ಟುಬಿಡಬೇಕು, ಅದಕ್ಕಿಂತ ಮೇಲಿನದನ್ನು ಬಿಡಬಾರದು. ಗೆರೆ ಎಲ್ಲಿ ಎಳೆಯುತ್ತೀಯೆಂದು ಲೆಕ್ಕ ಸಮೇತ ಬರೆ.

ನಿನ್ನ
ಅಮ್ಮ