ಮಡಿಕೆಯೇ ಮುರಿದು ಸ್ತರಭಂಗವಾಗುತ್ತದೆ

ಮಾನ್ಯ ಸಂಪಾದಕರೇ,

ಹಿಮಾಲಯದ ಭೂಕಂಪಗಳ ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಉಪಯುಕ್ತವಾಗಿತ್ತು. ಆದರೆ ಶಿಲಾಪದರ ಮಡಿಚಿಕೊಂಡರೆ ಪರ್ವತ, ಮುರಿದರೆ ಸ್ತರಭಂಗ ಎಂದು ಅದರಲ್ಲಿ ಎರಡನ್ನೂ ಸಂಬಂಧವೇ ಇಲ್ಲದಂತೆ ವಿವರಿಸಲಾಗಿದೆ. ಶಾಲೆಯ ಪಾಠಗಳಲ್ಲೂ ಇದೇ ರೂಢಿಯಿರುವುದರಿಂದ, ಬಹುಕಾಲ ಭೂವಿಜ್ಞಾನ ಬೋಧಿಸಿದವನಾಗಿ ಈ ಪತ್ರ ಬರೆಯುತ್ತಿದ್ದೇನೆ.

ಎರಡು ಕಡೆಯಿಂದ ಒತ್ತಡ ಬಿದ್ದಾಗ ಪದರಗಳು ಮೊದಲು ಕಮಾನಿನಂತೆ ಬಾಗುತ್ತವೆ. ಒತ್ತಡ ಮುಂದುವರಿದಂತೆ ಆ ಮೇಲ್ಮಡಿಕೆಯ ಒಂದು ಪಾರ್ಶ್ವ ಕಡಿದಾಗಿ, ಕೆಲವೊಮ್ಮೆ ಮಗುಚಿಯೇ ಬಿದ್ದು, ಎಳೆತಕ್ಕೆ ಸಿಕ್ಕಿ ತೆಳುವಾಗುತ್ತದೆ. ಇನ್ನು ಬಾಗಲಾಗದ ಹಂತದಲ್ಲಿ ಆ ಪಾರ್ಶ್ವವೇ ಹರಿದು, ಮೇಲಿನ ಭಾಗವು ಸಾಮಾನ್ಯವಾಗಿ 45 ಡಿಗ್ರಿಗಿಂತ ಕಡಿಮೆ ಓರೆಯ ಬಿರುಕಿನ ಮೇಲೆ ಜಾರುತ್ತಾ ಮುಂದಕ್ಕೇರುತ್ತದೆ. ಇದೇ ಥ್ರಸ್ಟ್ ಸ್ತರಭಂಗ. ಹಳೆಯ ಶಿಲೆ ಹೊಸ ಶಿಲೆಯ ಮೇಲೆ ಬಂದು ಕೂರುವುದು ಹೀಗೆಯೇ. ಅಮೆರಿಕದ ಭೂವಿಜ್ಞಾನಿ ಬೈಲಿ ವಿಲಿಸ್ ಅವರು ಮೇಣದ ಪದರಗಳನ್ನು ಪೆಟ್ಟಿಗೆಯಲ್ಲಿಟ್ಟು ಒತ್ತಿ, ಮಡಿಕೆಗಳು ಮೂಡುವ ಬಗೆಯನ್ನು 1893ರಷ್ಟು ಹಿಂದೆಯೇ ಪ್ರಕಟಿಸಿದ್ದರು.

ಇದಕ್ಕೆ ತಿರುಗುಮುರುಗಾದ ಕ್ರಮವೂ ಇದೆ. ಆಳದಲ್ಲಿ ಹುಟ್ಟಿದ ಬಿರುಕು ಮೇಲೇರುವಾಗ, ಅದರ ತುದಿ ಇನ್ನೂ ಮುಟ್ಟದ ಪದರಗಳು ಮುರಿಯದೆ ಬಾಗುತ್ತವೆ. ಡೆಹ್ರಾಡೂನ್ ಬಳಿಯ ಮೋಹಂಡ್‌ನ ಮೇಲ್ಮಡಿಕೆ ಅಲ್ಲಿನ ಥ್ರಸ್ಟ್‌ನ ಚಲನೆಯೊಂದಿಗೇ ಬೆಳೆದದ್ದು. 2015ರ ನೇಪಾಳ ಭೂಕಂಪದಲ್ಲಿಯೂ ಥ್ರಸ್ಟ್‌ನ ಬಿರುಕು ನೆಲದ ಮೇಲ್ಮೈಗೆ ಬರಲಿಲ್ಲ. ಆದ್ದರಿಂದ ಮೇಲೆ ಕಾಣುವ ಮಡಿಕೆಯನ್ನು ಓದಲು ಬಾರದವರಿಗೆ ಒಳಗಿನ ಅಪಾಯವೂ ತಿಳಿಯುವುದಿಲ್ಲ.

ಮಡಿಕೆ ಬಾಗಿ ಮುರಿಯುವುದನ್ನು ಚಿಕ್ಕಮಗಳೂರಿನವರು ಕೈಯಲ್ಲೇ ಹಿಡಿದು ನೋಡಬಹುದು. ಬಾಬಾಬುಡನ್‌ಗಿರಿಯ ಕಡೆಯಿಂದ ವರ್ಷಗಳ ಹಿಂದೆ ತಂದ, ಕಬ್ಬಿಣದ ಕಪ್ಪು ಪಟ್ಟಿಗಳೂ ಸಿಲಿಕಾದ ಕೆಂಬಿಳಿ ಪಟ್ಟಿಗಳೂ ಇರುವ ಕಲ್ಲೊಂದು ನನ್ನ ಮೇಜಿನ ಮೇಲಿದೆ. ಹೆಬ್ಬೆರಳಗಲದ ಅದರ ಮಡಿಕೆಯಲ್ಲಿ ಒಂದು ಕಡೆ ಪಟ್ಟಿಗಳು ನಯವಾಗಿ ಬಾಗಿವೆ. ಕಡಿದಾದ ಇನ್ನೊಂದು ಕಡೆ ಮಾತ್ರ ತುಂಡಾಗಿ, ಒಂದರ ಮೇಲೊಂದು ಅಕ್ಕಿಕಾಳಿನಷ್ಟು ಏರಿ ಕುಳಿತಿವೆ. ನನ್ನ ವಿದ್ಯಾರ್ಥಿಗಳಿಗೆ ಯಾವ ನಕ್ಷೆಗಿಂತಲೂ ಈ ಕಲ್ಲಿನಿಂದಲೇ ವಿಷಯ ಬೇಗ ಅರ್ಥವಾಗುತ್ತಿತ್ತು. ನಮ್ಮ ಗಿರಿಶ್ರೇಣಿಯ ಈ ಮಡಿಕೆಗಳು 200 ಕೋಟಿ ವರ್ಷಗಳಿಗೂ ಹಳೆಯವು, ಹಿಮಾಲಯದವು ಇಂದಿಗೂ ಬೆಳೆಯುತ್ತಿರುವಂಥವು. ಆದ್ದರಿಂದ ಇಲ್ಲಿನ ಮಡಿಕೆ ಕಂಡು ಯಾರೂ ಗಾಬರಿಪಡಬೇಕಿಲ್ಲ.

ಮುಂದೆ ಈ ವಿಷಯ ಪ್ರಕಟಿಸುವಾಗ ಮಡಿಕೆ ಮತ್ತು ಸ್ತರಭಂಗಗಳಿಗೆ ಎರಡು ಚಿತ್ರ ಕೊಡದೆ, ಬಾಗಿದ ಪದರ, ಮಗುಚಿದ ಪಾರ್ಶ್ವ, ಹರಿದು ಮೇಲೇರಿದ ಶಿಲೆ, ಈ ಮೂರೂ ಹಂತಗಳನ್ನು ಒಂದೇ ಚಿತ್ರದಲ್ಲಿ ಮುದ್ರಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಭೂವಿಜ್ಞಾನ ಉಪನ್ಯಾಸಕ, ಚಿಕ್ಕಮಗಳೂರು