ರಿಯಾಯಿತಿ ಕೂಪನ್ ಇದ್ದರೆ ಅಗ್ಗದ ದಾರಿಯೇ ಬದಲಾಗುತ್ತದೆ

ಮಾನ್ಯ ಸಂಪಾದಕರೇ,

ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಗ್ರಾಫ್ (ಊರುಗಳು ಮತ್ತು ಅವನ್ನು ಜೋಡಿಸುವ ರಸ್ತೆಗಳ ಜಾಲ) ಲೆಕ್ಕಗಳ ಬಗ್ಗೆ ಬಂದ ಬರಹ ಓದಿ ಖುಷಿಯಾಯಿತು. ಆದರೆ ಅದರ ಕೊನೆಯ ಸಲಹೆ ಸರಿಯಿಲ್ಲ. ಅರ್ಧ ದರದ ಕೂಪನ್ ಕೆಲವೇ ಇದ್ದಾಗ, ಮೊದಲು ಅಗ್ಗದ ದಾರಿ ಹುಡುಕಿ ಆಮೇಲೆ ಅದರಲ್ಲಿನ ದುಬಾರಿ ರಸ್ತೆಗೆ ಕೂಪನ್ ಹಾಕಿ ಅಂತ ಬರೆದಿದ್ದೀರಿ. ಮಕ್ಕಳು ಇದನ್ನೇ ನಂಬಿಬಿಟ್ಟರೆ ಕಷ್ಟ.

ಒಂದು ಸಣ್ಣ ಲೆಕ್ಕ ನೋಡಿ. ಒಂದು ದಾರಿಯಲ್ಲಿ ಮೂರು ರಸ್ತೆ, ತಲಾ 30, ಒಟ್ಟು 90. ಇನ್ನೊಂದು ನೇರ ರಸ್ತೆ, 100. ಕೂಪನ್ ಒಂದೇ. ನಿಮ್ಮ ಸಲಹೆಯಂತೆ ಹೋದರೆ 75 ಆಗುತ್ತದೆ, ನೇರ ರಸ್ತೆಗೆ ಹಾಕಿದರೆ ಬರೀ 50!

ಇನ್ನೊಂದು ಕಡೆಯೂ ಜಾಸ್ತಿ ಜನ ಎಡವುತ್ತಾರೆ. ಪ್ರತಿ ಊರಿಗೂ ಒಂದೇ ಒಂದು ಕನಿಷ್ಠ ಖರ್ಚು ಬರೆದಿಟ್ಟುಕೊಂಡರೆ ಸಾಲದು. ನಡುವಿನ ಊರಿಗೆ ಕೂಪನ್ ಖಾಲಿ ಮಾಡಿಕೊಂಡು 40ಕ್ಕೆ ಬಂದೆವು, ಅಥವಾ ಉಳಿಸಿಕೊಂಡು 50ಕ್ಕೆ ಬಂದೆವು ಅಂದುಕೊಳ್ಳಿ. ಮುಂದಿನ ರಸ್ತೆ 60 ಆದರೆ ಮೊದಲನೆಯದು 100ಕ್ಕೆ ಮುಟ್ಟುತ್ತದೆ, ಎರಡನೆಯದು 80ಕ್ಕೇ ಮುಗಿಯುತ್ತದೆ. 50 ಜಾಸ್ತಿ ಅಂತ ಅದನ್ನು ಅಳಿಸಿಹಾಕಿದ್ದರೆ ಸರಿಯುತ್ತರವೇ ಹೋಯಿತು, ಅಲ್ವಾ?

ಹಾಗಾಗಿ ಯಾವ ಊರಿನಲ್ಲಿದ್ದೇವೆ ಅನ್ನೋದರ ಜೊತೆಗೆ ಎಷ್ಟು ಕೂಪನ್ ಖರ್ಚಾಗಿದೆ ಅನ್ನೋದನ್ನೂ ಸೇರಿಸಿಯೇ ಲೆಕ್ಕ ಇಡಬೇಕು. ಇಡೀ ನಕ್ಷೆಯನ್ನು ಮಹಡಿಗಳಂತೆ ಒಂದರ ಮೇಲೊಂದು ಇಟ್ಟುಕೊಳ್ಳಿ. ಕೂಪನ್ 5 ಇದ್ದರೆ ಮಹಡಿ 6, ಖರ್ಚಾದ ಕೂಪನ್ 0ಯಿಂದ 5ರವರೆಗೆ ಒಂದೊಂದಕ್ಕೆ ಒಂದು. ಪೂರ್ತಿ ದರ ಕೊಟ್ಟರೆ ಅದೇ ಮಹಡಿಯಲ್ಲಿ ಪಕ್ಕದ ಊರಿಗೆ, ಕೂಪನ್ ಕೊಟ್ಟರೆ ಅರ್ಧ ದರದಲ್ಲಿ ಮೇಲಿನ ಮಹಡಿಯ ಪಕ್ಕದ ಊರಿಗೆ. ಕೆಳಗೆ ಇಳಿಯೋ ಹಾಗಿಲ್ಲ. ಇದರ ಮೇಲೆ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಅದೇ ಹಳೆಯ ವಿಧಾನ (ಪ್ರತಿ ಸಲ ಈವರೆಗಿನ ಖರ್ಚು ಅತಿ ಕಡಿಮೆ ಇರುವ ಊರನ್ನು ಆರಿಸಿ ಅಲ್ಲಿಂದ ಮುಂದೆ ಹೋಗೋದು) ಓಡಿಸಿದರೆ ಆಯಿತು, ಹೊಸದೇನೂ ಬೇಡ. ಪ್ರಯಾರಿಟಿ ಕ್ಯೂನಿಂದ (ಕಡಿಮೆ ಖರ್ಚಿನದನ್ನೇ ಮೊದಲು ಹೊರಗೆ ಕೊಡೋ ಸಾಲು) ಕೊನೆಯ ಊರು ಯಾವುದೇ ಮಹಡಿಯದಾಗಿ ಮೊದಲು ಹೊರಬಂದರೂ ಅದೇ ಉತ್ತರ. ಇಷ್ಟು ಸರಳವಾದ ವಿಷಯ ಇಷ್ಟು ಚೆನ್ನಾಗಿ ಕೆಲಸ ಮಾಡೋದು ನೋಡಿದರೆ ನನಗಂತೂ ಈಗಲೂ ಖುಷಿಯಾಗುತ್ತದೆ.

ನಕ್ಷೆ ದೊಡ್ಡದಾಗುತ್ತದಲ್ಲ ಅಂತ ಕೇಳಬಹುದು. 100 ಊರು, 5 ಕೂಪನ್ ಅಂದರೆ 600 ಬಿಂದು, ಕಂಪ್ಯೂಟರಿಗೆ ಏನೂ ಅಲ್ಲ. ಸಾವಿರ ಕೂಪನ್ ಕೊಟ್ಟರೂ 99ಕ್ಕಿಂತ ಹೆಚ್ಚು ಬಳಕೆಗೆ ಬರೋದಿಲ್ಲ, ಯಾಕೆಂದರೆ ಒಂದೇ ಊರಿಗೆ ಎರಡು ಸಲ ಸುಮ್ನೆ ಹೋಗೋದರಿಂದ ಲಾಭವಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ರಿಯಾಯಿತಿಯೇ ರಸ್ತೆಯ ದರಕ್ಕಿಂತಲೂ ಹೆಚ್ಚಾಗಿ, ಖರ್ಚು ಸೊನ್ನೆಗಿಂತ ಕೆಳಗೆ ಹೋದರೆ ಡೈಕ್‌ಸ್ಟ್ರಾ ವಿಧಾನವನ್ನು ನಂಬೋ ಹಾಗಿಲ್ಲ.

ಮುಂದಿನ ವಿದ್ಯಾರ್ಥಿ ಪುಟದಲ್ಲಿ ದಯವಿಟ್ಟು ಈ ತಿದ್ದುಪಡಿ ಹಾಕಿ. ಜೊತೆಗೆ ಎರಡು ಮಹಡಿಯ ಒಂದು ಚಿತ್ರವನ್ನೂ ಕೊಡಿ.

– ಒಬ್ಬ ಓದುಗ