ಮೂವತ್ತೊಂಬತ್ತು ಮಕ್ಕಳಿಗೆ, ಹಿಂದಿನ ಬೆಂಚಿನಲ್ಲಿ ಕೂತವರಿಗೆ

ಶಿಕ್ಷಕ ತರಬೇತಿಯ ಪ್ರಮಾಣಪತ್ರ ಕೈಗೆ ಬಂದ ಸಂಜೆ ನಾನು ಮೊದಲು ಹುಡುಕಿದ್ದು ಹಳೆಯ ಪಾಠಯೋಜನೆಯ ಪುಸ್ತಕವನ್ನು. ಬೋಧನಾಭ್ಯಾಸದ ಎರಡನೇ ವಾರದ ಪುಟದಲ್ಲಿ ಮಾರ್ಗದರ್ಶಕ ಮೇಡಂ ಪೆನ್ಸಿಲಿನಲ್ಲಿ ಬರೆದ ಸಾಲು ಇನ್ನೂ ಹಾಗೇ ಇದೆ: ‘ಉತ್ತರ ಹೇಳಿದವರು ಮೂವರು. ಉಳಿದ ಮೂವತ್ತಾರು ಮಂದಿ ಏನು ಯೋಚಿಸುತ್ತಿದ್ದರು?’ ಆ ದಿನ ಅದನ್ನು ಓದಿ ನನಗೆ ಬೇಸರವಾಗಿತ್ತು. ಪಾಠ ಚೆನ್ನಾಗಿಯೇ ಹೋಯಿತೆಂದು ಅಂದುಕೊಂಡಿದ್ದೆ. ಪ್ರಶ್ನೆ ಕೇಳಿದ್ದೆ, ಸರಿಯುತ್ತರ ಬಂದಿತ್ತು, ಗಂಟೆ ಹೊಡೆಯುವ ಮೊದಲೇ ಯೋಜನೆಯಲ್ಲಿದ್ದದ್ದೆಲ್ಲ ಮುಗಿದಿತ್ತು.

ಆ ಒಂದು ಸಾಲಿನ ಋಣ ದೊಡ್ಡದು. ಅದನ್ನು ಎಲ್ಲರ ಎದುರು ಹೇಳಿಕೊಳ್ಳಬೇಕು ಅನ್ನಿಸಿತು.

ಗಣಿತದಲ್ಲಿ ಪದವಿ ಮುಗಿಸಿ, ಕೆಲವು ವರ್ಷ ಬೇರೆ ಕೆಲಸ ಮಾಡಿ, ಆಮೇಲೆ ಈ ತರಬೇತಿಗೆ ಸೇರಿದವಳು ನಾನು. ವಿಷಯ ಗೊತ್ತಿದೆ, ಇನ್ನು ಅದನ್ನು ಹೇಳುವ ರೀತಿ ಕಲಿತರಾಯಿತು ಎಂಬ ಲೆಕ್ಕಾಚಾರದಲ್ಲಿ ಬಂದಿದ್ದೆ. ಮೊದಲ ತಿಂಗಳಲ್ಲೇ ನಮ್ಮ ಗಣಿತ ಬೋಧನೆಯ ಸರ್ ಎರಡು ಹೆಸರು ಹೇಳಿದರು. ಒಂದು, ಡ್ಯಾನ್ ಲಾರ್ಟಿ. 1975ರಲ್ಲಿ ಈ ಸಮಾಜಶಾಸ್ತ್ರಜ್ಞ ಒಂದು ಮಾತು ಬರೆದಿದ್ದರು: ಶಿಕ್ಷಕರಾಗಲು ಬರುವವರೆಲ್ಲ ತಮ್ಮ ಬಾಲ್ಯ ಪೂರ್ತಿ ಶಿಕ್ಷಕರನ್ನು ನೋಡುತ್ತಲೇ ಬೆಳೆದವರು, ಆದ್ದರಿಂದ ಈ ಕೆಲಸ ತಮಗೆ ಗೊತ್ತೆಂದೇ ತಿಳಿಯುತ್ತಾರೆ, ಆದರೆ ಅವರು ನೋಡಿದ್ದು ಪ್ರೇಕ್ಷಕರ ಸಾಲಿನಿಂದ. ವೇದಿಕೆಯ ಹಿಂದೆ ನಡೆಯುವ ಯೋಚನೆ, ಆಯ್ಕೆ, ಹಿಂಜರಿಕೆ ಯಾವುದೂ ಅವರ ಕಣ್ಣಿಗೆ ಬಿದ್ದಿರುವುದಿಲ್ಲ. ಇನ್ನೊಂದು, ಲೀ ಶುಲ್ಮನ್. ವಿಷಯ ಬಲ್ಲವರ ಜ್ಞಾನ ಬೇರೆ, ಆ ವಿಷಯವನ್ನು ಕಲಿಸಬಲ್ಲವರ ಜ್ಞಾನ ಬೇರೆ, ಈ ಎರಡನೆಯದು ತಾನೇ ಒಂದು ವಿದ್ಯೆ ಎಂದು 1986ರಲ್ಲಿ ವಾದಿಸಿದವರು. ಮಕ್ಕಳು ಎಲ್ಲಿ ಎಡವುತ್ತಾರೆ, ಯಾವ ಉದಾಹರಣೆ ಎಲ್ಲಿಯವರೆಗೆ ಕೈಹಿಡಿಯುತ್ತದೆ, ಎಲ್ಲಿ ಅದೇ ದಾರಿ ತಪ್ಪಿಸುತ್ತದೆ ಎಂಬುದೆಲ್ಲ ಆ ವಿದ್ಯೆಯೊಳಗೆ ಬರುತ್ತದೆ. ನಾನು ಇವನ್ನೆಲ್ಲ ನೀಟಾಗಿ ಟಿಪ್ಪಣಿ ಬರೆದುಕೊಂಡೆ. ಪರೀಕ್ಷೆಯಲ್ಲೂ ಬರೆದೆ. ನನ್ನದೇ ಕಥೆ ಅದು ಎಂದು ಅರಿವಾಗುವ ಹೊತ್ತಿಗೆ ಅರ್ಧ ವರ್ಷ ಕಳೆದಿತ್ತು.

ಸರ್, ನಿಮಗೆ ಮೊದಲ ನಮಸ್ಕಾರ. ನೀವು ಸಿದ್ಧಾಂತವನ್ನು ಎಂದೂ ಅಲಂಕಾರಕ್ಕೆ ಬಳಸಲಿಲ್ಲ. ತರಗತಿಯಿಂದ ಸೋತು ಬಂದವರ ಕೈಗೆ ಕೊಡುವುದಕ್ಕೆಂದೇ ಅದನ್ನು ಇಟ್ಟುಕೊಂಡಿದ್ದಿರಿ.

ನನ್ನ ಜೊತೆಯ ತರಬೇತಿ ಗೆಳೆಯರಿಗೂ ಹೇಳಬೇಕು. ಸೂಕ್ಷ್ಮಬೋಧನೆಯ ಆ ವಾರಗಳಲ್ಲಿ ನೀವು ನನ್ನ ವಿದ್ಯಾರ್ಥಿಗಳಾಗಿ ಕೂತಿರಿ. ಆರೇಳು ನಿಮಿಷದ ಪಾಠ, ಒಂದೇ ಕೌಶಲ, ಆಮೇಲೆ ನಿಮ್ಮ ಟೀಕೆ, ಅದೇ ಪಾಠ ಮತ್ತೊಮ್ಮೆ. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಈ ಕ್ರಮವನ್ನು ಎಷ್ಟೋ ಕಡೆ ಶಾಸ್ತ್ರಕ್ಕೆ ಮುಗಿಸುತ್ತಾರೆ. ನೀವು ಹಾಗೆ ಮಾಡಲಿಲ್ಲ. ‘ಚೆನ್ನಾಗಿತ್ತು’ ಎಂಬ ಮಾತನ್ನು ನಾವೇ ನಿಷೇಧಿಸಿಕೊಂಡಿದ್ದು ನೆನಪಿದೆಯಲ್ಲ? ಏನು ಚೆನ್ನಾಗಿತ್ತು, ಯಾವ ನಿಮಿಷದಲ್ಲಿ, ಯಾರಿಗೆ ಎಂದು ಹೇಳಲೇಬೇಕಿತ್ತು. ನಾನು ಕಪ್ಪುಹಲಗೆಯ ಕಡೆ ತಿರುಗಿ ಮಾತಾಡುತ್ತೇನೆ, ವಾಕ್ಯದ ಕೊನೆ ಯಾರಿಗೂ ಕೇಳಿಸುವುದಿಲ್ಲ ಎಂದು ಮೊದಲು ಹೇಳಿದವರು ನೀವು. ಅಷ್ಟು ವರ್ಷ ಜನರ ನಡುವೆ ಕೆಲಸ ಮಾಡಿದ್ದರೂ ಅದನ್ನು ಯಾರೂ ನನಗೆ ಹೇಳಿರಲಿಲ್ಲ.

ಇನ್ನು ಮೇಡಂ. ಹಿಂದಿನ ಬೆಂಚಿನಲ್ಲಿ ಪೆನ್ಸಿಲು ಹಿಡಿದು ಕೂರುತ್ತಿದ್ದ ನಿಮ್ಮನ್ನು ಕಂಡರೆ ನನಗೆ ಮೊದಮೊದಲು ಭಯವಿತ್ತು. ನಿಮ್ಮ ತರಗತಿಯನ್ನು, ನೀವು ತಿಂಗಳುಗಟ್ಟಲೆ ಹದ ಮಾಡಿದ ಮಕ್ಕಳನ್ನು, ಏನೂ ಅರಿಯದ ಒಬ್ಬಳ ಕೈಗೆ ಒಪ್ಪಿಸಿ ಸುಮ್ಮನೆ ಕೂರುವುದು ಎಷ್ಟು ಕಷ್ಟ ಎಂದು ಈಗ ಊಹಿಸಬಲ್ಲೆ. ನಾನು ತಪ್ಪಿದಾಗೆಲ್ಲ ಎದ್ದು ಬಂದು ಸರಿಮಾಡಬಹುದಿತ್ತು. ಒಮ್ಮೆಯೂ ಬರಲಿಲ್ಲ.

ಆ ಪೆನ್ಸಿಲಿನ ಸಾಲು ಬರೆದ ಮರುದಿನ ಮೇಡಂ ನನ್ನನ್ನು ಕೂರಿಸಿಕೊಂಡು, ನಾನು ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾಯುತ್ತೇನೆಂದು ಕೇಳಿದರು. ‘ಐದಾರು ಸೆಕೆಂಡು ಇರಬಹುದು’ ಅಂದೆ. ಅವರು ಗಡಿಯಾರ ನೋಡಿ ಗುರುತು ಹಾಕಿಕೊಂಡಿದ್ದರು. ಒಂದು ಸೆಕೆಂಡು, ಕೆಲವು ಸಲ ಅದೂ ಇಲ್ಲ. ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣ ತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಕಂಡುಕೊಂಡದ್ದೂ ಸುಮಾರು ಇದೇ. ಹೆಚ್ಚಿನ ಶಿಕ್ಷಕರು ಕಾಯುವುದು ಸರಾಸರಿ ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ‘ಗೊತ್ತಿಲ್ಲ’ಗಳು ಕಡಿಮೆಯಾಗುತ್ತವೆ, ಸದಾ ಸುಮ್ಮನಿರುವ ಮಕ್ಕಳೂ ಬಾಯಿ ತೆರೆಯುತ್ತಾರೆ. ಮಗು ಉತ್ತರ ಹೇಳಿದ ಮೇಲೂ ನಾವು ಇನ್ನೊಂದಿಷ್ಟು ಹೊತ್ತು ಕಾಯಬೇಕು, ಆಗ ಅದು ತನ್ನ ಮಾತನ್ನು ತಾನೇ ಮುಂದುವರಿಸುತ್ತದೆ. ಮೇಡಂ ಹೇಳಿಕೊಟ್ಟ ಉಪಾಯ ಇನ್ನೂ ಸರಳ: ಪ್ರಶ್ನೆ ಕೇಳಿ, ಸೀಮೆಸುಣ್ಣ ಮೇಜಿನ ಮೇಲಿಡು, ಮನಸ್ಸಿನಲ್ಲಿ ನಾಲ್ಕರವರೆಗೆ ಎಣಿಸು, ಆಮೇಲೆ ಹೆಸರು ಕರೆ. ಹೆಸರು ಮೊದಲೇ ಕರೆದರೆ ಉಳಿದವರಿಗೆ ಯೋಚಿಸುವ ಕಾರಣವೇ ಉಳಿಯುವುದಿಲ್ಲ.

ನಾಲ್ಕು ಸೆಕೆಂಡು ಎಷ್ಟು ಉದ್ದವೆಂದು ತರಗತಿಯ ಮುಂದೆ ನಿಂತವರಿಗೇ ಗೊತ್ತು. ಮೊದಲ ದಿನ ಎರಡಕ್ಕೇ ಸೋತು ನಾನೇ ಉತ್ತರ ಹೇಳಿಬಿಟ್ಟೆ. ಮೂರನೇ ವಾರದ ಕೊನೆಗೆ, ಕಿಟಕಿಯ ಪಕ್ಕ ಕೂರುತ್ತಿದ್ದ ಹುಡುಗನೊಬ್ಬ, ಅದುವರೆಗೆ ನನ್ನ ಎದುರು ಒಂದಕ್ಷರ ಆಡದವನು, ನಿಧಾನಕ್ಕೆ ಕೈಯೆತ್ತಿದ. ಹಿಂದಿನ ಬೆಂಚಿನಲ್ಲಿ ಮೇಡಂ ಪೆನ್ಸಿಲು ಕೆಳಗಿಟ್ಟದ್ದು ಕಾಣಿಸಿತು.

ಎಲ್ಲ ವಾರವೂ ಹಾಗಿರಲಿಲ್ಲ. ಆರನೇ ವಾರದಲ್ಲಿ ನಡೆದ ಒಂದು ಪಾಠ ವೀಕ್ಷಣೆಯ ಬಗ್ಗೆ ಹೆಚ್ಚು ಹೇಳಲು ಇಷ್ಟವಿಲ್ಲ. ದಶಮಾಂಶದ ಪಾಠ. ಅಂಕ ಕೊಡಲು ಬಂದವರೊಬ್ಬರು ನಡುವೆಯೇ ನನ್ನನ್ನು ತಡೆದು, ಮಕ್ಕಳ ಎದುರಿಗೇ, ಇಷ್ಟು ಸುಲಭದ್ದನ್ನು ಇಷ್ಟು ಗೊಂದಲ ಮಾಡುವವರು ಈ ಕೆಲಸಕ್ಕೆ ಯಾಕೆ ಬರಬೇಕು ಎಂದರು. ಪಾಠ ಚೆನ್ನಾಗಿರಲಿಲ್ಲ ಎಂಬುದು ನಿಜ. ಆದರೆ ಅದನ್ನು ಹೇಳುವ ಜಾಗ ಅದಾಗಿರಲಿಲ್ಲ ಎಂದು ಇವತ್ತೂ ನಂಬಿದ್ದೇನೆ. ಆ ಸಂಜೆ ತರಬೇತಿ ಬಿಡುವುದೆಂದು ತೀರ್ಮಾನಿಸಿ ಸರ್ ಹತ್ತಿರ ಹೋದೆ. ಅವರು ತಡೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ‘ಇವತ್ತಿನ ನೋಟ್‌ಬುಕ್ಕುಗಳು ನಿಮ್ಮ ಹತ್ತಿರವೇ ಇವೆಯಲ್ಲ. ಅವನ್ನು ತಿದ್ದಿ ಕೊಟ್ಟು ಹೋಗಿ. ಆದರೆ ಸರಿ, ತಪ್ಪು ಎಂದು ಗುರುತು ಹಾಕಬೇಡಿ. ಪ್ರತಿಯೊಂದು ಉತ್ತರವೂ ಯಾವ ನಿಯಮದಿಂದ ಬಂದಿದೆ ಎಂದಷ್ಟೇ ಬರೆಯಿರಿ’ ಅಂದರು.

ಆ ರಾತ್ರಿಯೇ ನಾನು ಶಿಕ್ಷಕಿಯಾದದ್ದು ಎಂದರೆ ಉತ್ಪ್ರೇಕ್ಷೆಯಲ್ಲ.

ಎರಡರಲ್ಲಿ ದೊಡ್ಡ ಸಂಖ್ಯೆಗೆ ಸುತ್ತು ಹಾಕಿ ಎಂಬ ಸಾಮಾನ್ಯ ಲೆಕ್ಕಗಳು. ಹನ್ನೊಂದು ಪುಸ್ತಕಗಳಲ್ಲಿ 0.3ಕ್ಕಿಂತ 0.25 ದೊಡ್ಡದಾಗಿತ್ತು. ಅಜಾಗರೂಕತೆ ಇರಬೇಕು ಎಂದುಕೊಂಡು ಮುಂದಿನ ಲೆಕ್ಕ ನೋಡಿದರೆ ಅಲ್ಲೂ ಅದೇ: 0.4ಕ್ಕಿಂತ 0.35 ದೊಡ್ಡದು, 0.82ಕ್ಕಿಂತ 0.7 ಚಿಕ್ಕದು. ಮೂರನೆಯದು ಸರಿ, ಆದರೆ ನಿಯಮ ಮಾತ್ರ ಮೊದಲಿನದೇ. ಇಪ್ಪತ್ತೈದು ಮೂರಕ್ಕಿಂತ ದೊಡ್ಡದು, ಮೂವತ್ತೈದು ನಾಲ್ಕಕ್ಕಿಂತ ದೊಡ್ಡದು, ಎಂಬತ್ತೆರಡು ಏಳಕ್ಕಿಂತ ದೊಡ್ಡದು. ಬಿಂದುವಿನ ಬಲಕ್ಕೆ ಇರುವುದನ್ನು ಮಕ್ಕಳು ಪೂರ್ಣಸಂಖ್ಯೆಯಂತೆ ಓದುತ್ತಿದ್ದರು. ಅಷ್ಟು ವರ್ಷ ನಂಬಿ ಬಂದ, ಎಲ್ಲೂ ಕೈಕೊಡದ ನಿಯಮವನ್ನು ಅವರು ಪ್ರಾಮಾಣಿಕವಾಗಿ ಹೊಸ ಜಾಗದಲ್ಲೂ ಬಳಸಿದ್ದರು.

ಆಮೇಲೆ ಒಂದು ಪುಸ್ತಕ ಸಿಕ್ಕಿತು. ತರಗತಿಯಲ್ಲಿ ಯಾವಾಗಲೂ ಉತ್ತರ ಹೇಳುತ್ತಿದ್ದ ಆ ಮೂವರಲ್ಲಿ ಒಬ್ಬಳದು. 0.25 ಮತ್ತು 0.3ರಲ್ಲಿ 0.3ಕ್ಕೆ ಸುತ್ತು, ಸರಿ. 0.35 ಮತ್ತು 0.4ರಲ್ಲಿ 0.4ಕ್ಕೆ ಸುತ್ತು, ಸರಿ. 0.82 ಮತ್ತು 0.7ರಲ್ಲಿ 0.7ಕ್ಕೆ ಸುತ್ತು. ಪಕ್ಕದಲ್ಲಿ ತಾನೇ ಕಾರಣವನ್ನೂ ಬರೆದಿದ್ದಳು: ‘ಹತ್ತನೇ ಭಾಗ ದೊಡ್ಡದು, ನೂರನೇ ಭಾಗ ಚಿಕ್ಕದು.’ ಅಂಕಿ ಕಡಿಮೆ ಇದ್ದರೆ ಸಂಖ್ಯೆ ದೊಡ್ಡದು ಎಂಬುದು ಅವಳ ನಿಯಮ. ವಾರಪೂರ್ತಿ ಅವಳು ಹೇಳಿದ ಸರಿಯುತ್ತರಗಳೆಲ್ಲ ಈ ನಿಯಮದಿಂದ ಬಂದವು. ನಾನು ಒಂದೊಂದಕ್ಕೂ ‘ವೆರಿ ಗುಡ್’ ಎಂದಿದ್ದೆ. ಮೇಡಂ ಕೇಳಿದ್ದು ಮೂವತ್ತಾರು ಮಂದಿಯ ಬಗ್ಗೆ. ಉತ್ತರ ಹೇಳಿದ ಆ ಮೂವರು ಏನು ಯೋಚಿಸುತ್ತಿದ್ದರೆಂಬುದೂ ನನಗೆ ಗೊತ್ತಿರಲಿಲ್ಲ.

ಪುಸ್ತಕಗಳನ್ನು ಕೊಟ್ಟು ಹೋಗಲು ಬಂದವಳು ಸರ್ ಎದುರು ಒಂದು ಗಂಟೆ ಕೂತು ಈ ನಿಯಮಗಳ ಬಗ್ಗೆಯೇ ಮಾತಾಡಿದೆ. ಬಿಡುವ ವಿಷಯ ಇಬ್ಬರೂ ಎತ್ತಲಿಲ್ಲ. ಅವರು ಹೇಳಿದ ಒಂದು ಮಾತು ಮಾತ್ರ ಬರೆದಿಟ್ಟುಕೊಂಡಿದ್ದೇನೆ. ಸೊನ್ನೆಯೊಂದಿಗೆ ಲೆಕ್ಕ ಮಾಡುವ ನಿಯಮಗಳನ್ನು ಬ್ರಹ್ಮಗುಪ್ತ ಬರೆದದ್ದು 628ರಲ್ಲಿ. ದಶಮಾಂಶ ಭಿನ್ನರಾಶಿಗಳನ್ನು ಎಲ್ಲರೂ ಬಳಸಬೇಕೆಂದು ಸೈಮನ್ ಸ್ಟೆವಿನ್ ಯುರೋಪಿನಲ್ಲಿ ಪುಸ್ತಿಕೆ ಅಚ್ಚು ಹಾಕಿಸಿದ್ದು 1585ರಲ್ಲಿ. ದೊಡ್ಡ ದೊಡ್ಡ ಗಣಿತಜ್ಞರಿಗೇ ಶತಮಾನಗಳು ಹಿಡಿದ ದಾರಿಯನ್ನು ಹನ್ನೆರಡು ವರ್ಷದ ಮಗು ಐದು ಪಿರಿಯಡ್ಡಿನಲ್ಲಿ ದಾಟಬೇಕು ಅನ್ನುತ್ತೇವೆ. ಅದು ನಡುವೆ ಒಂದು ಕಡೆ ನಿಂತರೆ ಸುಲಭದ್ದೂ ಬರುವುದಿಲ್ಲ ಅನ್ನುತ್ತೇವೆ.

ಮುಂದಿನ ಪಾಠಕ್ಕೆ ಒಂದು ಮೀಟರ್ ಉದ್ದದ ಕಾಗದದ ಪಟ್ಟಿಗಳನ್ನು ಕತ್ತರಿಸಿಕೊಂಡು ಹೋದೆ, ಇಬ್ಬರಿಗೊಂದು. ಮಕ್ಕಳು ಅದನ್ನು ಹತ್ತು ಭಾಗ ಮಾಡಿ, ಪ್ರತಿ ಭಾಗವನ್ನು ಮತ್ತೆ ಹತ್ತು ಮಾಡಿ, 0.25 ಎಲ್ಲಿ, 0.3 ಎಲ್ಲಿ, 0.7 ಎಲ್ಲಿ, 0.82 ಎಲ್ಲಿ ಎಂದು ತಾವೇ ಗುರುತು ಹಾಕಿದರು. ನಾನು ಹೆಚ್ಚು ಮಾತಾಡಲಿಲ್ಲ. ಗೋಡೆ ಏಳುವಾಗ ಸಾರವೆ ಕಟ್ಟಿ, ಗೋಡೆ ನಿಂತ ಮೇಲೆ ಬಿಚ್ಚುತ್ತಾರಲ್ಲ, ಕಲಿಸುವವರ ನೆರವೂ ಹಾಗಿರಬೇಕು ಎಂಬ ಹೋಲಿಕೆಯನ್ನು ಡೇವಿಡ್ ವುಡ್, ಬ್ರೂನರ್, ರಾಸ್ ಎಂಬ ಮನೋವಿಜ್ಞಾನಿಗಳು 1976ರಲ್ಲಿ ಬಳಸಿದ್ದನ್ನು ಓದಿದ್ದೆ. ಯಾವಾಗ ಬಿಚ್ಚಬೇಕೆಂದು ಓದಿನಿಂದ ತಿಳಿದಿರಲಿಲ್ಲ. ಆ ಹುಡುಗಿ ಪಟ್ಟಿಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ತಾನು ಬರೆದ ಒಂದು ಗುರುತನ್ನು ಅಳಿಸಿ, ಪಕ್ಕದವಳಿಗೆ, ‘ನೋಡೇ, ಹತ್ತರಲ್ಲಿ ಏಳು ಅಂದ್ರೆ ನೂರರಲ್ಲಿ ಎಪ್ಪತ್ತು. ಎಂಬತ್ತೆರಡು ಇನ್ನೂ ಮುಂದಿದೆ’ ಅಂದಳು. ಆಗ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಅಲ್ಲಿಂದ ಮುಂದೆ ನೋಟ್‌ಬುಕ್ಕಿನಲ್ಲಿ ಅಂಕ ಬರೆಯುವುದನ್ನು ಮೇಡಂ ಅನುಮತಿಯೊಂದಿಗೆ ಬಿಟ್ಟೆ. ಬರೀ ಟಿಪ್ಪಣಿ. ಅಂಕವೂ ಟಿಪ್ಪಣಿಯೂ ಒಟ್ಟಿಗಿದ್ದರೆ ಟಿಪ್ಪಣಿಯ ಲಾಭ ಸಿಗುವುದಿಲ್ಲ ಎಂದು ಶಿಕ್ಷಣ ಸಂಶೋಧಕಿ ರೂತ್ ಬಟ್ಲರ್ 1988ರ ತಮ್ಮ ಅಧ್ಯಯನದಲ್ಲಿ ತೋರಿಸಿದ್ದರು. ನನ್ನ ಮಕ್ಕಳ ವಿಷಯದಲ್ಲಿ ನಾನು ಕಂಡದ್ದೂ ಹಾಗೆಯೇ: ಅಂಕ ಇದ್ದಾಗ ಪಕ್ಕದವರದ್ದು ಎಷ್ಟೆಂದು ನೋಡಿ ಪುಸ್ತಕ ಮುಚ್ಚುತ್ತಿದ್ದರು, ಇಲ್ಲದಾಗ ಬರೆದದ್ದನ್ನು ಓದುತ್ತಿದ್ದರು. ಆದರೆ ಮೂವತ್ತೊಂಬತ್ತು ಟಿಪ್ಪಣಿ ಬರೆಯಲು ರಾತ್ರಿ ಹನ್ನೊಂದಾಗುತ್ತಿತ್ತು. ಅಮ್ಮಾ, ಆ ರಾತ್ರಿಗಳಲ್ಲಿ ನೀನು ಎದ್ದು ಬಂದು ದೀಪ ಆರಿಸು ಎಂದು ಒಮ್ಮೆಯೂ ಹೇಳಲಿಲ್ಲ. ಪಕ್ಕದಲ್ಲಿ ಕೂತು ತಿದ್ದಿದ ಪುಸ್ತಕಗಳನ್ನು ಹಾಜರಿ ಸಂಖ್ಯೆಯ ಪ್ರಕಾರ ಜೋಡಿಸಿಟ್ಟೆ. ಸಂಬಳವಿಲ್ಲದ ಆ ವರ್ಷ ಮನೆಯ ಖರ್ಚನ್ನು ಹೊತ್ತ ನನ್ನವರಿಗೂ, ಪಾಠದ ಅಭ್ಯಾಸಕ್ಕೆ ಮೊದಲ ವಿದ್ಯಾರ್ಥಿಯಾಗಿ ಕೂತ ತಂಗಿಗೂ ನಾನು ಋಣಿ. ಶಾಲೆಯ ಬಾಗಿಲು ತೆರೆದ ಮುಖ್ಯೋಪಾಧ್ಯಾಯರಿಗೆ, ಶಿಕ್ಷಕರ ಕೊಠಡಿಯಲ್ಲಿ ತಮ್ಮ ಮೇಜಿನ ಅರ್ಧ ನನಗೆ ಬಿಟ್ಟುಕೊಟ್ಟ ವಿಜ್ಞಾನದ ಮೇಷ್ಟ್ರಿಗೆ ಕೂಡ.

ಈಗ ಮಕ್ಕಳೇ, ನಿಮಗೆ. ನಿಮ್ಮಲ್ಲಿ ಕೆಲವರಾದರೂ ಇದನ್ನು ಓದಬಹುದು. ತರಬೇತಿ ಅಂದರೆ ನಾವು ಕಲಿಯುವುದು ಎಂದಷ್ಟೇ ಎಲ್ಲರೂ ತಿಳಿದಿದ್ದಾರೆ. ನಾವು ಕಲಿಯುವಾಗ ಖರ್ಚಾಗುವುದು ನಿಮ್ಮ ಸಮಯ. ಏಳನೇ ತರಗತಿಯ ದಶಮಾಂಶ ನಿಮಗೆ ಒಂದೇ ಸಲ ಬರುತ್ತದೆ, ಅದು ನನ್ನಂಥ ಹೊಸಬಳ ಕೈಯಲ್ಲಿ ಬಂತು. ನುರಿತವರ ಪಾಠ ಬಿಟ್ಟು ನನ್ನ ತಡವರಿಕೆಯನ್ನು ನೀವು ಸಹಿಸಿದಿರಿ. ಆ ವೀಕ್ಷಣೆಯ ಮರುದಿನ ನಾನು ಒಳಗೆ ಕಾಲಿಡಲು ಹೆದರಿ ಬಾಗಿಲಲ್ಲಿ ನಿಂತಿದ್ದಾಗ, ಏನೂ ಆಗದಂತೆ ಎದ್ದು ನಿಂತು ‘ಗುಡ್ ಮಾರ್ನಿಂಗ್ ಟೀಚರ್’ ಅಂದಿರಿ. ನಿಮ್ಮ ತಪ್ಪುಗಳನ್ನು ಮುಚ್ಚಿಡದೆ ಕಾರಣ ಸಮೇತ ಬರೆದಿರಿ. ಅದರಿಂದ ಕಲಿತದ್ದನ್ನು ಮುಂದಿನ ವಾರದಿಂದ ಬೇರೆ ಮಕ್ಕಳು ಪಡೆಯುತ್ತಾರೆ. ನಿಮಗೆ ಅದನ್ನು ಹಿಂದಿರುಗಿಸುವ ದಾರಿ ನನ್ನ ಹತ್ತಿರ ಇಲ್ಲ.

ಕೊನೆಯ ದಿನ ಎಲ್ಲರೂ ಹೋದ ಮೇಲೆ ಆ ಹುಡುಗಿ ಹಿಂದೆ ಬಂದು, ನಾಲ್ಕಾಗಿ ಮಡಚಿದ ಕಾಗದದ ಪಟ್ಟಿಯನ್ನು ನನ್ನ ಕೈಗಿಟ್ಟಳು. ‘ಇಟ್ಕೊಳಿ ಟೀಚರ್, ಮುಂದಿನ ಕ್ಲಾಸಿನವರಿಗೆ ಬೇಕಾಗುತ್ತೆ’ ಅಂದಳು. 0.7ರ ಹತ್ತಿರ ಅಳಿಸಿ ಮತ್ತೆ ಬರೆದ ಕಲೆ ಇದೆ, ಕಾಗದ ಅಲ್ಲಿ ಸ್ವಲ್ಪ ತೆಳುವಾಗಿದೆ. ಸೋಮವಾರದ ಮೊದಲ ಪಿರಿಯಡ್ಡಿಗೆ ಅದನ್ನು ಚೀಲದಲ್ಲಿ ಇಟ್ಟುಕೊಂಡಿದ್ದೇನೆ.